ತೆರಿಗೆ ರಸೀದಿಯಲ್ಲಿ ಕಾಣದ ಶಾಲೆ

ಜಯನಗರ, ಬನಶಂಕರಿಯ ಮನೆಯವರು ವರ್ಷಕ್ಕೊಮ್ಮೆ ಕಟ್ಟುವ ಆಸ್ತಿ ತೆರಿಗೆಗೆ ಕೆಲವು ಸೆಸ್‌ಗಳೂ ಸೇರಿಕೊಳ್ಳುತ್ತವೆ. ಆರೋಗ್ಯಕ್ಕೆ ತೆರಿಗೆಯ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಶಾಲೆಯ ಹೆಸರಿನಲ್ಲಿ ಮಾತ್ರ ಒಂದು ಪೈಸೆಯೂ ಇಲ್ಲ. ಶಾಲೆ ಎಂದರೆ ಶಿಕ್ಷಣ ಇಲಾಖೆ, ಪಾಲಿಕೆಗೆ ಅದರ ಗೊಡವೆ ಯಾಕೆ ಎಂದು ಕೇಳುವವರೇ ಹೆಚ್ಚು. ಆದರೆ ಮೈಸೂರು ಸಂಸ್ಥಾನದಲ್ಲಿ ಹತ್ತು ಹನ್ನೊಂದು ವರ್ಷ ಇದು ತಿರುವುಮುರುವಾಗಿತ್ತು. 1913ರ ಕಾನೂನಿನಿಂದ ಶುರುವಾದ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 1930ರ ಪ್ರಾಥಮಿಕ ಶಿಕ್ಷಣ ಕಾನೂನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳ ಕೈಗೆ ಕೊಟ್ಟಿತು. ಸರ್ಕಾರದ ಅನುದಾನದ ಜೊತೆ ಊರಿನ ಶಿಕ್ಷಣ ಕರವೂ ಶಾಲೆಗೆ ಸಲ್ಲಬೇಕು ಎಂಬುದು ಅದರ ಲೆಕ್ಕಾಚಾರ. 1941ರಲ್ಲಿ ಸರ್ಕಾರ ಹೊಸ ಕಾನೂನು ತಂದು ಹೊಣೆಯನ್ನು ತಾನೇ ವಾಪಸು ತೆಗೆದುಕೊಂಡಿತು.

ದಕ್ಷಿಣ ಬೆಂಗಳೂರಿನ ಹೆಚ್ಚಿನ ಬಡಾವಣೆಗಳು ಹುಟ್ಟಿದ್ದು ಇದಾದ ಮೇಲೆ. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು, 1948ರಲ್ಲಿ ರಾಜಾಜಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿದರು, 1949ರಲ್ಲಿ ನಗರ ಮತ್ತು ದಂಡು ಪ್ರದೇಶದ ಪುರಸಭೆಗಳು ಸೇರಿ ಪಾಲಿಕೆಯಾಯಿತು. ಹೀಗೆ ಜಾಗ ಹಂಚುವವರು ಒಬ್ಬರು, ಮೇಷ್ಟರನ್ನು ಕಳಿಸುವವರು ಇನ್ನೊಬ್ಬರು, ಶಾಲೆಯ ಮುಂದಿನ ರಸ್ತೆ ಚರಂಡಿ ನೋಡುವವರು ಮತ್ತೊಬ್ಬರು. ಟ್ರಸ್ಟ್ ಬೋರ್ಡಿನ ಜಾಗಕ್ಕೆ 1976ರಲ್ಲಿ ಬಂದ ಬಿಡಿಎ ಕಾಯ್ದೆ ಬಡಾವಣೆಯ ಶೇ 15ರಷ್ಟು ನೆಲವನ್ನು ಉದ್ಯಾನ, ಆಟದ ಮೈದಾನಕ್ಕೂ ಇನ್ನೂ ಶೇ 10ನ್ನು ನಾಗರಿಕ ಸೌಲಭ್ಯಕ್ಕೂ (ಸಿಎ) ಮೀಸಲಿಡಬೇಕು ಎನ್ನುತ್ತದೆ. ಅಂದರೆ ಶಾಲೆಗೆ ನೆಲದ ಬರವಿರಲಿಲ್ಲ. ಆ ನೆಲವನ್ನು ಕೇಳಿ ಪಡೆದು ಶಾಲೆ ಕಟ್ಟುವ ಹಣ ಮತ್ತು ಹೊಣೆ ಎರಡೂ ಇದ್ದ ಸ್ಥಳೀಯ ಸಂಸ್ಥೆ ಇರಲಿಲ್ಲ. ಸಿಎ ಸೈಟುಗಳನ್ನು ಗುತ್ತಿಗೆಗೆ ಪಡೆಯಲು ಶಿಕ್ಷಣ ಸಂಘಗಳು, ಟ್ರಸ್ಟುಗಳು ಮುಂದೆ ಬಂದವು. ಅವುಗಳಲ್ಲಿ ಒಳ್ಳೆಯ ಸಂಸ್ಥೆಗಳಿಲ್ಲ ಎಂದರೆ ಅನ್ಯಾಯವಾದೀತು. ಆದರೆ ಬಡಾವಣೆಗಳು ನುಂಗಿದ ಯಡಿಯೂರು, ಸಾರಕ್ಕಿ, ತಾವರೆಕೆರೆಯ ಕೂಲಿಕಾರರ ಮಕ್ಕಳಿಗೆ ಆ ಸಂಸ್ಥೆಗಳ ಶುಲ್ಕವೇ ಬೇಲಿ.

1992ರ ಸಂವಿಧಾನ ತಿದ್ದುಪಡಿಗಳು ಈ ಬಿರುಕನ್ನು ಮುಚ್ಚಲಿಲ್ಲ. ಪಂಚಾಯಿತಿಗಳಿಗೆ ಸಂಬಂಧಿಸಿದ ಹನ್ನೊಂದನೇ ಅನುಸೂಚಿಯಲ್ಲಿ ಪ್ರಾಥಮಿಕ, ಪ್ರೌಢ ಶಾಲೆಗಳ ಹೆಸರು ನೇರವಾಗಿದೆ. ನಗರಗಳ ಹನ್ನೆರಡನೆಯದರಲ್ಲಿ ಸಂಸ್ಕೃತಿ, ಸೌಂದರ್ಯದ ಜೊತೆ ಶೈಕ್ಷಣಿಕ ಅಂಶಗಳಿಗೆ ‘ಉತ್ತೇಜನ’ ಎಂಬ ಹಾರಿಕೆಯ ಮಾತಷ್ಟೇ ಇದೆ. ಹೀಗಾಗಿ 2007ರಲ್ಲಿ ಬೇಗೂರು, ಗೊಟ್ಟಿಗೆರೆಯಂಥ ಊರುಗಳು ಬಿಬಿಎಂಪಿಗೆ ಸೇರಿದಾಗ, ಪಂಚಾಯಿತಿಯ ಪಟ್ಟಿಯಲ್ಲಿದ್ದ ಶಾಲೆ ನಗರದ ಪಟ್ಟಿಗೆ ಬರುವಾಗ ಜಾರಿಹೋಯಿತು.

ಶಾಲೆಗೂ ಒಂದು ಸೆಸ್ ಹಾಕಿ ಹೊಣೆಯಲ್ಲಿ ಪಾಲಿಕೆಗೂ ಪಾಲು ಕೊಡಬೇಕು ಎಂಬುದು ನನ್ನ ವಾದ. ಸ್ಥಳೀಯರ ಕೈಗೆ ಕೊಟ್ಟು ನೋಡಿಯಾಯಿತಲ್ಲ, 1941ರಲ್ಲಿ ವಾಪಸು ಪಡೆಯಬೇಕಾಯಿತಲ್ಲ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಆದರೆ ಆರ್ಥಿಕ ಕುಸಿತದ ದಶಕದಲ್ಲಿ ಬಡ ಹಳ್ಳಿಗಳಿಂದ ಕರ ಎತ್ತುವುದೂ ಇಂದಿನ ಜೆ.ಪಿ. ನಗರದಿಂದ ಎತ್ತುವುದೂ ಒಂದೇ ಅಲ್ಲ. ಪಾಲಿಕೆಗೆ ಶಾಲೆ ನಡೆಸುವ ತಾಕತ್ತಿಲ್ಲ ಎನ್ನುವವರು ಮುಂಬಯಿ ನೋಡಬಹುದು: ಅಲ್ಲಿ 1888ರ ಕಾಯ್ದೆಯೇ ಪ್ರಾಥಮಿಕ ಶಿಕ್ಷಣವನ್ನು ಪಾಲಿಕೆಯ ಕರ್ತವ್ಯ ಮಾಡಿತು. ಕನ್ನಡ ಮಾಧ್ಯಮದ ಶಾಲೆಗಳನ್ನೂ ಆ ಪಾಲಿಕೆ ನಡೆಸಿಕೊಂಡು ಬಂದಿದೆ, ನಮ್ಮವರಿಗೆ ಹೇಳಲು ಸ್ವಲ್ಪ ಮುಜುಗರವಾಗುವ ಸಂಗತಿ. ಸೆಸ್ ಹಾಕಿದರೆ ಬಿಟಿಎಂ ಲೇಔಟಿನ ಹಣ ಅಲ್ಲೇ ಉಳಿದು ಬಡ ವಾರ್ಡು ಬಡವಾಗಿಯೇ ಇರುತ್ತದೆ ಎಂಬ ಮಾತಿಗೆ ಉತ್ತರ ಸುಲಭ: ಹಣವನ್ನು ಪಾಲಿಕೆ ಮಟ್ಟದಲ್ಲಿ ಒಟ್ಟುಗೂಡಿಸಿ ಮಕ್ಕಳ ಸಂಖ್ಯೆಗೆ ತಕ್ಕಂತೆ ಹಂಚಬೇಕು.

ನನ್ನನ್ನು ಕಾಡುವ ಆಕ್ಷೇಪ ಬೇರೆ. 1965ರ ಕಾಯ್ದೆಯಂತೆ ಪಾಲಿಕೆ ಎತ್ತುವ ಗ್ರಂಥಾಲಯ ಕರ ಗ್ರಂಥಾಲಯಕ್ಕೇ ಸೇರಬೇಕು. ಆದರೆ ಹಾಗೆ ಸೇರದೆ ನೂರಾರು ಕೋಟಿ ಬಾಕಿ ಉಳಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಶಾಲಾ ಕರಕ್ಕೂ ಇದೇ ಗತಿಯಾದರೆ? ಕೇಳಲು ಕಾರ್ಪೊರೇಟರುಗಳೂ ಇರಲಿಲ್ಲ: 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಬಿಬಿಎಂಪಿ ಕೌನ್ಸಿಲ್‌ಗೆ ಮತ್ತೆ ಚುನಾವಣೆ ನಡೆಯಲೇ ಇಲ್ಲ, 2025ರಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯಿತು. ಆದ್ದರಿಂದ ಮೇಷ್ಟರ ಸಂಬಳ ಇಲಾಖೆಯಲ್ಲೇ ಇರಲಿ. ಕಟ್ಟಡ, ನೀರು, ಶೌಚಾಲಯ, ಆಟದ ಮೈದಾನದ ಹೊಣೆ ಹೊಸ ಪಾಲಿಕೆಗೆ ಬರಲಿ, ಬಿಡಿಎ ತನ್ನ ಸಿಎ ಸೈಟುಗಳ ಗುತ್ತಿಗೆ ಹಣದಲ್ಲಿ ಒಂದು ಪಾಲು ಕೊಡಲಿ, ಕರದ ಹಣ ಪಾಲಿಕೆಯ ಸಾಮಾನ್ಯ ಖಾತೆಗೆ ಬೀಳದೆ ಪ್ರತ್ಯೇಕ ಖಾತೆಗೆ ಹೋಗಲಿ. ಅದರ ಜಮಾ ಖರ್ಚನ್ನು 2001ರಿಂದ ಪ್ರತಿ ಸರ್ಕಾರಿ ಶಾಲೆಯಲ್ಲೂ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಪೋಷಕರ ಮುಂದೆ ಇಡಬೇಕೆಂಬ ಷರತ್ತನ್ನು ಕಾನೂನಿನಲ್ಲೇ ಬರೆಯಬೇಕು.