ನೆಂಟಸ್ತಿಕೆ, ಗಡಿ ಮತ್ತು ನಂಬಿಕೆ

ರಾಜ್ಯದ ಗುಟ್ಟು ತಿಳಿಯುವ ಹುದ್ದೆಗೆ ಒಬ್ಬನನ್ನು ತೆಗೆದುಕೊಳ್ಳುವ ಮುನ್ನ ಅವನ ನೆಂಟರು ಎಲ್ಲಿದ್ದಾರೆಂದು ವಿಚಾರಿಸುವುದು ಇಂದಿನ ಸರ್ಕಾರಗಳು ಕಂಡುಹಿಡಿದ ಉಪಾಯವೇನಲ್ಲ. ನೆಂಟಸ್ತಿಕೆಯಿಂದ ನಿಷ್ಠೆಯನ್ನು ಅಳೆಯಬಹುದೇ ಎಂಬ ಪ್ರಶ್ನೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಹಳೆಯದು.

ವಿಜಯನಗರದ ಪತನಾನಂತರ ಇಲ್ಲಿ ತಲೆಯೆತ್ತಿದ ಪಾಳೆಯಗಾರರಿಗೆ ಕೋಟೆಯಷ್ಟೇ ಬೀಗತನವೂ ಮುಖ್ಯವಾಗಿತ್ತು. ನೆರೆಯವನಿಗೆ ಹೆಣ್ಣು ಕೊಟ್ಟರೆ ಆ ದಿಕ್ಕಿನ ಗಡಿ ಭದ್ರವೆಂಬ ಲೆಕ್ಕ. ಆದರೆ ಈ ಲೆಕ್ಕ ತಪ್ಪಿದ್ದೂ ಉಂಟು. ಹರಪನಹಳ್ಳಿಗೂ ಚಿತ್ರದುರ್ಗಕ್ಕೂ ವಿವಾಹ ಸಂಬಂಧವಿತ್ತು. ಆದರೂ 1748ರ ಮಾಯಕೊಂಡ ಯುದ್ಧದಲ್ಲಿ ಹರಪನಹಳ್ಳಿಯ ಸೋಮಶೇಖರ ನಾಯಕ ಬಿದನೂರು, ರಾಯದುರ್ಗ, ಸವಣೂರುಗಳ ಜೊತೆ ಸೇರಿ ದುರ್ಗದ ವಿರುದ್ಧ ನಿಂತ. ದುರ್ಗದ ಮದಕರಿ ನಾಯಕ ಆ ರಣದಲ್ಲೇ ಮಡಿದ.

ಎರಡು ಶತಮಾನಗಳ ನಂತರ ಇದೇ ಸೀಮೆಯ ಮಗ್ಗುಲಲ್ಲಿ ಮತ್ತೊಂದು ಗಡಿ ಬಿಗಿಯಾಯಿತು. 1947ರಲ್ಲಿ ತುಂಗಭದ್ರೆಯ ಈಚೆಗಿನ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಆಚೆಗಿನ ಕೊಪ್ಪಳ ನಿಜಾಮನ ಹೈದರಾಬಾದಿನಲ್ಲಿತ್ತು. ತಲೆಮಾರುಗಳಿಂದ ಹೆಣ್ಣು ಕೊಟ್ಟು ತಂದ ಊರುಗಳ ನಡುವೆ ಗಡಿ ಬಂದು ಕೂತಿತು. ರಜಾಕಾರರ ಹಾವಳಿಯ ಕಾಲದಲ್ಲಿ ಆಚೆಯಿಂದ ಓಡಿ ಬಂದವರಿಗೆ ಈಚೆಯ ನೆಂಟಸ್ತಿಕೆಯೇ ಆಸರೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಎರಡೂ ದಡಗಳು ಒಂದೇ ರಾಜ್ಯದೊಳಗೆ ಬಂದವು.

ಈಗ ನೆಂಟಸ್ತಿಕೆ ನದಿಯನ್ನಲ್ಲ, ಸಾಗರವನ್ನು ದಾಟಿದೆ. ಅದನ್ನು ಅಳೆಯುವ ಕೆಲಸ ಅರ್ಜಿ ನಮೂನೆಗಳಿಗೆ ಬಂದಿದೆ. ಕೇಂದ್ರ ಸರ್ಕಾರದ ನೌಕರಿಗೆ ಆಯ್ಕೆಯಾದವರು ತುಂಬುವ ದೃಢೀಕರಣ ನಮೂನೆ ತಂದೆತಾಯಿ, ಸಂಗಾತಿ, ಒಡಹುಟ್ಟಿದವರ ರಾಷ್ಟ್ರೀಯತೆಯನ್ನು ಕೇಳುತ್ತದೆ. ವಿದೇಶದಲ್ಲಿರುವ ಮಕ್ಕಳ ವಿವರ ಕೇಳುತ್ತದೆ. 1964ರ ನಡತೆ ನಿಯಮಗಳ ಪ್ರಕಾರ ವಿದೇಶಿ ಪ್ರಜೆಯನ್ನು ಮದುವೆಯಾದ ನೌಕರ ಅದನ್ನು ಕೂಡಲೇ ಸರ್ಕಾರಕ್ಕೆ ತಿಳಿಸಬೇಕು. ಮಗ ಪರದೇಶದಲ್ಲಿದ್ದಾನೆ ಎಂಬುದೊಂದೇ ಅಪರಾಧವಲ್ಲ. ಅದನ್ನು ಮುಚ್ಚಿಟ್ಟರೆ ಅಪಾಯ. ಸುಳ್ಳು ಮಾಹಿತಿ ಕೊಡುವುದು ಅಥವಾ ಮಾಹಿತಿ ಮರೆಮಾಚುವುದು ಅನರ್ಹತೆಗೆ ಕಾರಣವಾದೀತೆಂಬ ಎಚ್ಚರಿಕೆ ನಮೂನೆಯ ತಲೆಯಲ್ಲೇ ಇರುತ್ತದೆ.

ಅಮೆರಿಕದಲ್ಲಿ ಈ ಲೆಕ್ಕ ಇನ್ನೂ ಬಿಡಿಬಿಡಿಯಾಗಿದೆ. ಅಲ್ಲಿ 2017ರಲ್ಲಿ ಜಾರಿಗೆ ಬಂದ 13 ಮಾರ್ಗಸೂಚಿಗಳಲ್ಲಿ ಒಂದು 'ವಿದೇಶಿ ಪ್ರಭಾವ'ಕ್ಕೇ ಮೀಸಲು. ಕೊಟ್ಟೂರಿನಲ್ಲಿ ತಾಯಿಯಿದ್ದು, ಹಗರಿಬೊಮ್ಮನಹಳ್ಳಿಯಲ್ಲಿ ಪಿತ್ರಾರ್ಜಿತ ಹೊಲವಿರುವ, ಅಮೆರಿಕದ ಪೌರತ್ವ ಪಡೆದ ಎಂಜಿನಿಯರ್ ಒಬ್ಬ ರಕ್ಷಣಾ ಇಲಾಖೆಯ ಗುತ್ತಿಗೆ ಕೆಲಸಕ್ಕೆ ಭದ್ರತಾ ಅನುಮತಿ ಕೇಳಿದನೆಂದುಕೊಳ್ಳಿ. ತಾಯಿ ಇದ್ದಾಳೆಂಬ ಕಾರಣಕ್ಕೇ ಅನುಮತಿ ತಪ್ಪುವುದಿಲ್ಲ. ಒಡನಾಟ ಎಷ್ಟು ಗಾಢ, ನೆಂಟರಲ್ಲಿ ಯಾರಾದರೂ ಅಲ್ಲಿನ ಸರ್ಕಾರದ ಸೇವೆಯಲ್ಲಿದ್ದಾರೆಯೇ, ಆಸ್ತಿಯ ಮೌಲ್ಯವೆಷ್ಟು, ಅವರ ಮೂಲಕ ಇವನ ಮೇಲೆ ಒತ್ತಡ ತರಬಹುದೇ ಎಂಬುದನ್ನೆಲ್ಲ ತೂಗಲಾಗುತ್ತದೆ. ಅಮೆರಿಕದಲ್ಲಿ ಅವನು ಕಟ್ಟಿಕೊಂಡ ಸಂಸಾರ, ಮನೆಮಠ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂರುತ್ತವೆ.

ಆದರೆ ಸಂಶಯ ಉಳಿದರೆ ಅದರ ಲಾಭ ಸಿಗುವುದು ಅರ್ಜಿದಾರನಿಗಲ್ಲ, ದೇಶದ ಭದ್ರತೆಗೆ. ಅನುಮತಿ ಯಾರ ಹಕ್ಕೂ ಅಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. ಹೀಗಾಗಿ ವಾರಕ್ಕೊಮ್ಮೆ ತಾಯಿಗೆ ಮಾಡುವ ಫೋನು, ವರ್ಷಕ್ಕೊಮ್ಮೆ ಕೊಟ್ಟೂರಿನ ತೇರಿಗೆ ಬರುವುದು ಕೂಡ ವಿಚಾರಣೆಯಲ್ಲಿ ಉತ್ತರಿಸಬೇಕಾದ ಸಂಗತಿಗಳು. ಯಾವ ತಪ್ಪೂ ಮಾಡದವನಿಗೆ ಇದು ನೋವಿನ ಮಾತೇ. ಈ ವಿಚಾರಣೆಗೆ ತಿಳಿಯುವುದು ಒತ್ತಡ ಎಲ್ಲಿಂದ ಬರಬಹುದೆಂಬುದಷ್ಟೇ. ಬಂದಾಗ ಆತ ಏನು ಮಾಡುತ್ತಾನೆಂಬುದಲ್ಲ. ಮಾಯಕೊಂಡದಲ್ಲಿ ಬೀಗತನ ಯುದ್ಧವನ್ನು ತಡೆಯಲಿಲ್ಲ. ತುಂಗಭದ್ರೆಯ ದಡದಲ್ಲಿ ಅದೇ ನೆಂಟಸ್ತಿಕೆ ಜೀವ ಉಳಿಸಿತು.