ಅಮೆರಿಕಾ ದೇಶವೂ ಪರದೇಶದ ಎಳೆಯ ವಿದ್ಯಾರ್ಥಿಯೂ

ನಮ್ಮ ಶಾಲೆಯಲ್ಲಿ ಅಕ್ಷರ ಕಲಿತು ಈಗ ಹೈಸ್ಕೂಲಿನಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಕಳೆದ ಬೇಸಗೆಯ ರಜೆಯಲ್ಲಿ ಮನೆಗೆ ಬಂದು, "ಗುರುಗಳೇ, ಅಮೆರಿಕಾದಲ್ಲಿ ಓದಬೇಕೆಂದರೆ ಆ ದೇಶದ ವೀಸಾ ಬೇಕಂತೆ. ಅದು ನಮ್ಮಂಥವರಿಗೆ ಸಿಕ್ಕುತ್ತದೆಯೆ?" ಎಂದು ಕೇಳಿದಳು. ಪ್ರಶ್ನೆ ಚಿಕ್ಕದು, ಆದರೆ ಆ ಗಳಿಗೆಯಲ್ಲಿ ನನ್ನಲ್ಲಿ ಉತ್ತರವಿರಲಿಲ್ಲ. ತಿಳಿಯದ ವಿಷಯದಲ್ಲಿ ಏನಾದರೊಂದನ್ನು ಹೇಳಿ ಕಳುಹಿಸುವುದು ಉಪಾಧ್ಯಾಯನಿಗೆ ತಕ್ಕದ್ದಲ್ಲವಾದುದರಿಂದ, ಓದಿ ತಿಳಿದು ಹೇಳುವೆನೆಂದು ಮಾತು ಕೊಟ್ಟೆನು. ಓದುತ್ತ ಹೋದಂತೆ, ಇಂದಿನ ವೀಸಾ ನಿಯಮಗಳ ಹಿಂದೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿರುವುದು ಕಂಡುಬಂದಿತು.

ಆ ಇತಿಹಾಸದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಓದಲು ಬರುವ ಪರದೇಶದ ಬಾಲಕನಿಗೆ ಅಮೆರಿಕಾ ಮೂರು ಪ್ರಶ್ನೆಗಳನ್ನು ಹಾಕುತ್ತ ಬಂದಿದೆ: ಏನನ್ನು ಎಲ್ಲಿ ಓದುವೆ? ಅದರ ವೆಚ್ಚವನ್ನು ಯಾರು ಕೊಡುವರು? ಓದು ಮುಗಿದ ಮೇಲೆ ನಿನ್ನ ನಾಡಿಗೆ ಮರಳುವೆಯಾ? ಕಾಯಿದೆಗಳು ಹಲವು ಬಾರಿ ಬದಲಾದುವು. ಈ ಮೂರು ಪ್ರಶ್ನೆಗಳು ಬದಲಾಗಲಿಲ್ಲ. ಇವು ಹೇಗೆ ಹುಟ್ಟಿದುವೆಂಬುದನ್ನು ತಿಳಿದರೆ, ಇವಕ್ಕೆ ಉತ್ತರ ಹೇಳುವುದೂ ಸುಲಭವಾಗುವುದು.

೧೮೪೭ನೆಯ ಇಸವಿಯಲ್ಲಿ ಚೀನಾ ದೇಶದ ಮೂವರು ಹುಡುಗರು ತಮ್ಮ ಗುರುಗಳಾದ ಸ್ಯಾಮ್ಯುಯೆಲ್ ರಾಬಿನ್ಸ್ ಬ್ರೌನ್ ಎಂಬ ಪಾದ್ರಿಯವರೊಡನೆ ಹಡಗೇರಿ ನ್ಯೂಯಾರ್ಕಿಗೆ ಬಂದಿಳಿದರು. ಅವರಲ್ಲೊಬ್ಬನು ಯುಂಗ್ ವಿಂಗ್. ಅವನು ಮಕಾವ್ ಸಮೀಪದ ಹಳ್ಳಿಯೊಂದರಲ್ಲಿ ೧೮೨೮ರಲ್ಲಿ ಹುಟ್ಟಿದವನು. ಆ ಕಾಲದಲ್ಲಿ ವೀಸಾ ಎಂಬುದು ಇರಲಿಲ್ಲ; ಹಡಗಿನ ಖರ್ಚನ್ನು ಹೊಂದಿಸಿಕೊಂಡವನು ದಡ ಸೇರಬಹುದಾಗಿತ್ತು. ಹಾಗಿದ್ದರೂ ಮೂರನೆಯ ಪ್ರಶ್ನೆ ಅವನನ್ನು ಬಿಡಲಿಲ್ಲ. ಮ್ಯಾಸಚೂಸೆಟ್ಸ್ ಪ್ರಾಂತದ ಮಾನ್ಸನ್ ಎಂಬ ಊರಿನ ಶಾಲೆಯಲ್ಲಿ ಓದು ಮುಗಿಸಿ ಕಾಲೇಜಿಗೆ ಹೋಗಬಯಸಿದಾಗ, ಓದಿದ ಮೇಲೆ ಧರ್ಮಪ್ರಚಾರಕನಾಗಿ ಚೀನಾಕ್ಕೆ ಮರಳುವೆನೆಂದು ಬರೆದುಕೊಟ್ಟರೆ ಧನಸಹಾಯ ಮಾಡುವೆವೆಂದು ಶಾಲೆಯ ಧರ್ಮದರ್ಶಿಗಳು ಹೇಳಿದರು. ಕೈಯಲ್ಲಿ ಕಾಸಿಲ್ಲದ ಆ ತರುಣನು ಇದನ್ನು ಒಪ್ಪಲಿಲ್ಲ. ತನ್ನ ನಾಡಿಗೆ ತನ್ನಿಂದ ಯಾವ ಬಗೆಯ ಸೇವೆ ಹೆಚ್ಚು ಪ್ರಯೋಜನವಾಗುವುದೋ ಅದನ್ನು ಮಾಡುವ ಸ್ವಾತಂತ್ರ್ಯ ತನಗಿರಬೇಕೆಂದು ಅವನ ವಾದ. ಜಾರ್ಜಿಯಾ ಪ್ರಾಂತದ ಸವಾನಾ ನಗರದ ಮಹಿಳಾ ಸಂಘವೊಂದು ಅಂಥ ಕರಾರಿಲ್ಲದೆಯೇ ನೆರವಾಯಿತು. ೧೮೫೪ರಲ್ಲಿ ಯೇಲ್ ಕಾಲೇಜಿನ ಪದವಿಯನ್ನು ಪಡೆದು ಅವನು ಚೀನಾಕ್ಕೆ ಮರಳಿದನು. ಬರೆದುಕೊಡದವನೇ ಹಿಂತಿರುಗಿ ಹೋದನೆಂಬುದನ್ನು ವಾಚಕರು ಗಮನಿಸಬೇಕು.

ತನಗೆ ದೊರೆತ ವಿದ್ಯೆ ತನ್ನ ನಾಡಿನ ಇತರ ಮಕ್ಕಳಿಗೂ ದೊರೆಯಬೇಕೆಂದು ಅವನು ವರ್ಷಗಟ್ಟಲೆ ಅಧಿಕಾರಿಗಳಲ್ಲಿ ಬೇಡಿಕೊಂಡನು. ಅದರ ಫಲವಾಗಿ ೧೮೭೨ರಿಂದ ೧೮೭೫ರವರೆಗೆ ವರ್ಷಕ್ಕೆ ೩೦ ಮಂದಿಯಂತೆ ೧೨೦ ಬಾಲಕರನ್ನು ಚೀನಾ ಸರಕಾರವು ಅಮೆರಿಕಾಕ್ಕೆ ಕಳುಹಿಸಿತು. ಹೆಚ್ಚಿನವರು ಹನ್ನೆರಡು ಹದಿಮೂರರ ಆಸುಪಾಸಿನವರು. ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡ್ ನಗರ ಇವರ ಕೇಂದ್ರಸ್ಥಾನವಾಗಿತ್ತು. ಮಕ್ಕಳು ಸುತ್ತಲಿನ ಊರುಗಳ ಗೃಹಸ್ಥರ ಮನೆಗಳಲ್ಲಿ ಇಬ್ಬಿಬ್ಬರಾಗಿಯೋ ಮೂವರಾಗಿಯೋ ಇದ್ದು, ಮನೆಯವರಂತೆ ಉಂಡು, ಶಾಲೆಗೆ ಹೋಗುತ್ತಿದ್ದರು. ಒಟ್ಟು ಹದಿನೈದು ವರ್ಷಗಳ ವಿದ್ಯಾಭ್ಯಾಸವೆಂದು ಏರ್ಪಾಟಾಗಿತ್ತು. ಆದರೆ ಹುಡುಗರು ತಾಯಿನಾಡಿನ ನಡೆನುಡಿಗಳನ್ನು ಮರೆಯುತ್ತಿದ್ದಾರೆಂಬ ದೂರು ಒಂದು ಕಡೆ, ಅಮೆರಿಕಾದ ಸೈನಿಕ ಮತ್ತು ನೌಕಾ ವಿದ್ಯಾಲಯಗಳು ಇವರನ್ನು ಸೇರಿಸಿಕೊಳ್ಳಲು ನಿರಾಕರಿಸಿದ ಅಸಮಾಧಾನ ಇನ್ನೊಂದು ಕಡೆ. ೧೮೮೧ರಲ್ಲಿ ಎಲ್ಲರನ್ನೂ ಹಿಂದಕ್ಕೆ ಕರೆಸಲಾಯಿತು. ಬಹುಮಂದಿಯ ಓದು ಅರ್ಧಕ್ಕೇ ನಿಂತಿತು. ಅಷ್ಟಾದರೂ ಅವರ ವಿದ್ಯೆ ವ್ಯರ್ಥವಾಗಲಿಲ್ಲ. ಅವರಲ್ಲಿ ಪದವಿ ಮುಗಿಸಿದ್ದ ಜಾನ್ ತಿಯಾನ್‌ಯೂ ಎಂಬವನು ಪೆಕಿಂಗಿನಿಂದ ಝಾಂಗ್‌ಜಿಯಾಕೌ ವರೆಗಿನ ರೈಲುಮಾರ್ಗವನ್ನು ೧೯೦೫ರಿಂದ ೧೯೦೯ರೊಳಗೆ ಕಟ್ಟಿಸಿದ ಇಂಜಿನಿಯರನಾದನು. ತಾಂಗ್ ಶಾವೋಯಿ ಎಂಬವನು ೧೯೧೨ರಲ್ಲಿ ಚೀನಾ ಗಣರಾಜ್ಯದ ಮೊದಲನೆಯ ಪ್ರಧಾನಿಯಾದನು.

ಮಕ್ಕಳು ಹಿಂತಿರುಗಿದ ಮರುವರ್ಷವೇ, ಅಂದರೆ ೧೮೮೨ರ ಮೇ ತಿಂಗಳಲ್ಲಿ, ಅಮೆರಿಕಾ ಸರಕಾರವು ಚೀನಾದ ಕೂಲಿಕಾರರು ಬರಕೂಡದೆಂದು ಕಾಯಿದೆ ಮಾಡಿತು. ವಿದ್ಯಾರ್ಥಿ, ಅಧ್ಯಾಪಕ, ವ್ಯಾಪಾರಿ, ಪ್ರವಾಸಿ ಇವರಿಗೆ ಮಾತ್ರ ವಿನಾಯಿತಿ ದೊರೆಯಿತು. ಆದರೆ ತಾನು ಕೂಲಿಕಾರನಲ್ಲವೆಂದು ತನ್ನ ಸರಕಾರದಿಂದ ಪ್ರಮಾಣಪತ್ರ ತರಬೇಕು. ೧೮೮೪ರ ತಿದ್ದುಪಡಿಯಂತೆ ಆ ಪತ್ರವನ್ನು ಅಮೆರಿಕಾದ ರಾಜಪ್ರತಿನಿಧಿಯು ಪರೀಕ್ಷಿಸಿ ರುಜು ಹಾಕಬೇಕು. ನೋಡಿ ಒಪ್ಪಿದೆನೆಂಬ ಈ ರುಜುವಿಗೇ ವೀಸಾ ಎಂದು ಹೆಸರು. ವಿದ್ಯಾರ್ಥಿಯೆಂದರೆ ಯಾರೆಂಬುದನ್ನು ೧೯೦೦ರಲ್ಲಿ ಅಲ್ಲಿಯ ಖಜಾನೆ ಇಲಾಖೆಯು ಬಿಗಿಯಾಗಿ ವಿವರಿಸಿತು: ತನ್ನ ದೇಶದಲ್ಲಿ ಅನುಕೂಲವಿಲ್ಲದ ಉನ್ನತ ವಿದ್ಯೆಯನ್ನು ಕಲಿಯಬಂದವನಾಗಿರಬೇಕು, ಅವನ ಜೀವನಕ್ಕೆ ಮೊದಲೇ ಏರ್ಪಾಟಾಗಿರಬೇಕು, ಓದು ಮುಗಿದ ಮೇಲೆ ಹಿಂತಿರುಗುವವನಾಗಿರಬೇಕು. ನಾನು ಮೊದಲು ಹೇಳಿದ ಮೂರು ಪ್ರಶ್ನೆಗಳು ಇಲ್ಲಿ ಮೂರು ಷರತ್ತುಗಳಾಗಿ ಕಾಣಿಸಿಕೊಂಡಿವೆ.

ಈ ಬಿಗಿಯ ಪೆಟ್ಟು ಎಳೆಯರಿಗೂ ತಗುಲಿತು. ೧೯೦೪ರಲ್ಲಿ ಸೂಂಗ್ ಐಲಿಂಗ್ ಎಂಬ ಚೀನೀ ಬಾಲಿಕೆ ಜಾರ್ಜಿಯಾದ ವೆಸ್ಲಿಯನ್ ಕಾಲೇಜಿನಲ್ಲಿ ಓದಲೆಂದು ಸ್ಯಾನ್‌ಫ್ರಾನ್ಸಿಸ್ಕೋ ಬಂದರಿಗೆ ಬಂದಳು. ಹದಿನಾರು ತುಂಬದ ಹುಡುಗಿ. ಕಾಗದಪತ್ರಗಳು ಸರಿಯಿಲ್ಲವೆಂದು ಅವಳನ್ನು ದಡಕ್ಕಿಳಿಯಗೊಡದೆ ಹಲವು ದಿನ ಹಡಗಿನಲ್ಲಿಯೇ ತಡೆದಿರಿಸಿದರು. ಎರಡು ವರ್ಷದ ತರುವಾಯ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರನ್ನು ಕಾಣುವ ಸಂದರ್ಭ ಒದಗಿದಾಗ, ಅವಳು ಅಂಜದೆ ಈ ಅನ್ಯಾಯವನ್ನು ಅವರೆದುರಿಗೇ ಹೇಳಿದಳಂತೆ. ನೂರಿಪ್ಪತ್ತು ಮಕ್ಕಳನ್ನು ಕರೆತಂದ ಯುಂಗ್ ವಿಂಗನ ಗತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. ೧೮೫೨ರಲ್ಲಿ ಅವನಿಗೆ ಕೊಟ್ಟಿದ್ದ ಅಮೆರಿಕಾ ಪೌರತ್ವವನ್ನು ೧೮೯೮ರಲ್ಲಿ ಅಲ್ಲಿಯ ಸರಕಾರ ಮನ್ನಿಸಲಿಲ್ಲ. ೧೯೦೨ರಲ್ಲಿ ತನ್ನ ಮಗನು ಯೇಲ್‌ನಲ್ಲಿ ಪದವಿ ಪಡೆಯುವುದನ್ನು ನೋಡಲು ಆ ವೃದ್ಧನು ಹೇಗೋ ಒಳಗೆ ಸೇರಿಕೊಳ್ಳಬೇಕಾಯಿತು.

ನಮ್ಮ ದೇಶದವರ ಮೇಲೆ ಆಗಿನ್ನೂ ಇಂಥ ನಿರ್ಬಂಧವಿರಲಿಲ್ಲ. ೧೮೬೫ರಲ್ಲಿ ಕಲ್ಯಾಣದಲ್ಲಿ ಹುಟ್ಟಿದ ಆನಂದೀಬಾಯಿ ಜೋಶಿಯವರು ೧೮೮೩ರ ಏಪ್ರಿಲಿನಲ್ಲಿ ಕಲ್ಕತ್ತೆಯಿಂದ ಹೊರಟು ಜೂನಿನಲ್ಲಿ ನ್ಯೂಯಾರ್ಕನ್ನು ಸೇರಿದಾಗ ಅವರಿಗೆ ೧೮ ವರ್ಷ. ವೀಸಾ ಕೇಳಿದವರಿಲ್ಲ. ಆದರೆ ಆ ಪ್ರಶ್ನೆಗಳನ್ನು ಕೇಳಿದವರು ಸ್ವಜನರೇ. ಹೊರಡುವುದಕ್ಕೆ ಮುಂಚೆ, ಫೆಬ್ರವರಿ ತಿಂಗಳಲ್ಲಿ, ಬಂಗಾಳದ ಶ್ರೀರಾಮಪುರದ ಕಾಲೇಜಿನಲ್ಲಿ ತುಂಬಿದ ಸಭೆಯೆದುರು ನಿಂತು, ತಾನು ಏಕೆ ಹೋಗುತ್ತಿರುವೆನೆಂಬುದನ್ನೂ, ಹಿಂದೂವಾಗಿಯೇ ಮರಳಿ ಬರುವೆನೆಂಬುದನ್ನೂ ಆಕೆ ವಿವರಿಸಿದರು. ನ್ಯೂಜರ್ಸಿಯ ರೋಸೆಲ್ ಎಂಬಲ್ಲಿ ಕಾರ್ಪೆಂಟರ್ ಎಂಬ ಗೃಹಿಣಿಯು ಮಗಳಂತೆ ಆದರಿಸಿದರು. ೧೮೮೬ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಪದವಿ ದೊರೆಯಿತು. ಕೊಲ್ಹಾಪುರದ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ವೈದ್ಯೆಯಾಗಿ ನೇಮಕವಾಯಿತು. ಕೊಟ್ಟ ಮಾತಿನಂತೆ ಮರಳಿದರು. ಆದರೆ ಕ್ಷಯರೋಗದಿಂದ ೧೮೮೭ರ ಫೆಬ್ರವರಿ ೨೬ರಂದು ತೀರಿಕೊಂಡರು.

ಭಾರತೀಯರ ಮೇಲಿನ ತಡೆ ಬಂದುದು ೧೯೧೭ರಲ್ಲಿ. ಏಷ್ಯಾಖಂಡದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿದ ಆ ಕಾಯಿದೆಯಲ್ಲಿಯೂ ವಿದ್ಯಾರ್ಥಿಗೆ ವಿನಾಯಿತಿ ಉಳಿಯಿತು. ಅಂತರರಾಷ್ಟ್ರೀಯ ವಿದ್ಯಾಸಂಸ್ಥೆಯು ೧೯೧೯ರಲ್ಲಿ ಸ್ಥಾಪಿತವಾಗಿ, ಅದರ ಮುಖ್ಯಸ್ಥರಾದ ಸ್ಟೀಫನ್ ಡಗ್ಗನ್ ಅವರು ವಿದ್ಯಾರ್ಥಿಗಳನ್ನು ವಲಸೆಗಾರರ ಲೆಕ್ಕದಲ್ಲಿ ಸೇರಿಸಬಾರದೆಂದು ಸರಕಾರದೊಡನೆ ವಾದಿಸಿದರು. ೧೯೨೪ರ ಕಾಯಿದೆಯು ವಿದ್ಯಾರ್ಥಿಯನ್ನು ವಲಸೆಯ ಸಂಖ್ಯಾಮಿತಿಯಿಂದ ಹೊರಗಿಟ್ಟಿತು. ಅವನಿಗೆ ೧೫ ವರ್ಷವಾದರೂ ಆಗಿರಬೇಕು, ಸರಕಾರ ಒಪ್ಪಿದ ಶಾಲೆಯ ಹೆಸರನ್ನು ಮೊದಲೇ ಹೇಳಬೇಕು, ಅವನು ಶಾಲೆ ಬಿಟ್ಟರೆ ಶಾಲೆಯವರೇ ಸರಕಾರಕ್ಕೆ ತಿಳಿಸಬೇಕು ಎಂಬುವು ಅದರ ಮುಖ್ಯ ವಿಧಿಗಳು. ಹೀಗೆ ಶಾಲೆಯು ವಿದ್ಯಾರ್ಥಿಗೆ ಜಾಮೀನುದಾರನಾಯಿತು. ಈ ಏರ್ಪಾಟು ಇಂದಿಗೂ ನಡೆದುಬಂದಿದೆ.

೧೯೫೨ರ ಕಾಯಿದೆಯಲ್ಲಿ ವಿದ್ಯಾರ್ಥಿಯ ವೀಸಾಕ್ಕೆ 'ಎಫ್' ಎಂಬ ಅಕ್ಷರ ದೊರೆಯಿತು. ಅದೇ ಕಾಯಿದೆಯು, ಬರುವವನನ್ನು ನೆಲೆಸಲು ಬಂದವನೆಂದೇ ಮೊದಲು ಭಾವಿಸತಕ್ಕದ್ದು, ಅಲ್ಲವೆಂದು ಸಾಧಿಸುವ ಹೊಣೆ ಬಂದವನದೇ ಎಂದು ವಿಧಿಸಿತು. ಮೂರನೆಯ ಪ್ರಶ್ನೆಗೆ ಇಷ್ಟು ತೂಕ ಬಂದುದು ಇದರಿಂದ. ೧೯೬೧ರ ಕಾಯಿದೆಯಿಂದ ದೇಶದೇಶಗಳ ವಿನಿಮಯಕ್ಕಾಗಿ 'ಜೆ' ವೀಸಾ ಬಂದಿತು. ಯುದ್ಧಕಾಲದಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕನ್ ಫೀಲ್ಡ್ ಸರ್ವಿಸ್ ಎಂಬ ಸಂಸ್ಥೆಯು ಹೈಸ್ಕೂಲು ಮಕ್ಕಳನ್ನು ಕರೆತಂದು ಗೃಹಸ್ಥರ ಮನೆಗಳಲ್ಲಿರಿಸುವ ಕಾರ್ಯವನ್ನು ೧೯೪೭ರಲ್ಲಿಯೇ ಆರಂಭಿಸಿತ್ತು. ಹಾರ್ಟ್‌ಫರ್ಡಿನ ಪದ್ಧತಿ ಹೀಗೆ ಪುನಃ ಹುಟ್ಟಿತು. ಕೈಕಸಬಿನ ವಿದ್ಯೆಗಾಗಿ 'ಎಂ' ವೀಸಾ ಏರ್ಪಟ್ಟುದು ೧೯೮೧ರ ತಿದ್ದುಪಡಿಯಿಂದ.

ತೆರಿಗೆಯ ಹಣದಿಂದ ನಡೆಯುವ ಶಾಲೆಗಳಲ್ಲಿ ಪರದೇಶದ ಮಕ್ಕಳು ಪುಕ್ಕಟೆ ಓದುತ್ತಾರೆಂಬ ಆಕ್ಷೇಪದಿಂದ ೧೯೯೬ರಲ್ಲಿ ಇನ್ನೊಂದು ಕಟ್ಟುಪಾಡು ಬಂದಿತು. ೨೦೦೧ರ ಸೆಪ್ಟೆಂಬರ್ ೧೧ರ ದುರಂತವನ್ನು ನಡೆಸಿದವರಲ್ಲಿ ಒಬ್ಬನು ವಿದ್ಯಾರ್ಥಿ ವೀಸಾದ ಮೇಲೆ ಬಂದು ಶಾಲೆಯ ಮುಖವನ್ನೇ ನೋಡದವನಾಗಿದ್ದನು. ಆದ್ದರಿಂದ ೨೦೦೩ರಿಂದ ಪ್ರತಿಯೊಬ್ಬ ಪರದೇಶೀ ವಿದ್ಯಾರ್ಥಿಯ ಹಾಜರಿ, ವಿಳಾಸಗಳ ವಿವರವನ್ನು ಶಾಲೆಗಳು ಕಂಪ್ಯೂಟರಿನ ಮೂಲಕ ಸರಕಾರಕ್ಕೆ ಒಪ್ಪಿಸಬೇಕಾಗಿದೆ. ೧೯೨೪ರ ಜಾಮೀನೇ ಇಲ್ಲಿ ಹೊಸ ರೂಪ ತಾಳಿದೆ.

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರೋಣ. ಹದಿಹರೆಯದವರಿಗೆ ಇಂದು ಇರುವ ಮಾರ್ಗಗಳು ಇವು. ಮೊದಲನೆಯದು, 'ಜೆ' ವೀಸಾದ ವಿನಿಮಯ. ಹೈಸ್ಕೂಲು ವಿದ್ಯಾರ್ಥಿಗೆ ೧೫ ತುಂಬಿರಬೇಕು, ೧೮ ವರ್ಷ ಆರು ತಿಂಗಳು ಮೀರಿರಬಾರದು. ಅಮೆರಿಕಾ ಸರಕಾರದ ಮನ್ನಣೆ ಪಡೆದ ಸಂಸ್ಥೆಯ ಮೂಲಕ ಹೋಗಬೇಕು. ಸಂಬಳ ಪಡೆಯದ ಆತಿಥೇಯ ಕುಟುಂಬದಲ್ಲಿದ್ದು ಹೆಚ್ಚೆಂದರೆ ಒಂದು ಶಾಲಾವರ್ಷ ಓದಬಹುದು. ಎರಡನೆಯದು, 'ಎಫ್' ವೀಸಾದಿಂದ ಹೈಸ್ಕೂಲು. ಖಾಸಗಿ ಶಾಲೆಯಾದರೆ ಓದು ಮುಗಿಯುವವರೆಗೂ ಇರಬಹುದು, ಆದರೆ ಶುಲ್ಕ ಬಹಳ. ಸಾರ್ವಜನಿಕ ಶಾಲೆಯಾದರೆ ೧೯೯೬ರ ಕಟ್ಟುಪಾಡಿನಂತೆ ಒಟ್ಟು ೧೨ ತಿಂಗಳು ಮಾತ್ರ. ಅದಕ್ಕೂ ಪೂರ್ತಿ ವೆಚ್ಚವನ್ನು ತೆರಬೇಕು. ಸಾರ್ವಜನಿಕ ಪ್ರಾಥಮಿಕ ಶಾಲೆಗೆ ಈ ವೀಸಾ ಸಲ್ಲದು. ಮೂರನೆಯದು, ಇಲ್ಲಿಯೇ ಹನ್ನೆರಡನೆಯ ತರಗತಿಯನ್ನು ಮುಗಿಸಿ 'ಎಫ್' ವೀಸಾದ ಮೇಲೆ ಕಾಲೇಜಿಗೆ ಹೋಗುವುದು. ನಾಲ್ಕನೆಯದು, ಕಸಬು ಕಲಿಯಲು 'ಎಂ' ವೀಸಾ. ತಂದೆತಾಯಿಗಳು ಉದ್ಯೋಗಕ್ಕೋ ಓದಿಗೋ ಅಲ್ಲಿಗೆ ಹೋದರೆ, ಅವರ ಆಶ್ರಿತರಾಗಿ ಹೋದ ಮಕ್ಕಳೂ ಶಾಲೆಗೆ ಸೇರಬಹುದು. ಪ್ರವಾಸಿಯ ವೀಸಾದ ಮೇಲೆ ಹೋಗಿ ಶಾಲೆ ಸೇರುವುದು ಮಾತ್ರ ಕಾಯಿದೆಗೆ ವಿರುದ್ಧ.

ಎಲ್ಲದಕ್ಕೂ ಮೊದಲು ಆಗಬೇಕಾದುದು ಶಾಲೆಯ ಒಪ್ಪಿಗೆ. 'ಎಫ್' ವೀಸಾಕ್ಕೆ ಶಾಲೆಯು 'ಐ-೨೦' ಎಂಬ ಪತ್ರವನ್ನು ಕಳುಹಿಸಿದ ಮೇಲೆಯೇ ವೀಸಾದ ಅರ್ಜಿ. ಸಂದರ್ಶನಕ್ಕೆ ಕಾಸರಗೋಡು, ತಾಳವಾಡಿಗಳ ಕಡೆಯವರಿಗೆ ಮದರಾಸು, ಸೊಲ್ಲಾಪುರದವರಿಗೆ ಮುಂಬಯಿ, ರಾಯದುರ್ಗದವರಿಗೆ ಹೈದರಾಬಾದು ವೀಸಾ ಕಚೇರಿಗಳು. ಅಲ್ಲಿ ಅಧಿಕಾರಿಯು ಕೇಳುವುದು ಆ ಹಳೆಯ ಮೂರು ಪ್ರಶ್ನೆಗಳನ್ನೇ. ಒಮ್ಮೆ ನಿರಾಕರಿಸಿದರೆ ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಆದರೆ ದಲ್ಲಾಳಿಗಳ ಮಾತು ಕೇಳಿ ಸುಳ್ಳು ಬ್ಯಾಂಕಿನ ಕಾಗದವನ್ನೋ ಸುಳ್ಳು ಅಂಕಪಟ್ಟಿಯನ್ನೋ ಒಪ್ಪಿಸಿ ಸಿಕ್ಕಿಬಿದ್ದವರಿಗೆ ಆ ದೇಶವು ಜೀವಮಾನವಿಡೀ ಪ್ರವೇಶವನ್ನು ನಿರಾಕರಿಸಬಹುದು. ಹದಿನಾರನೆಯ ವಯಸ್ಸಿನಲ್ಲಿ ಇನ್ನೊಬ್ಬರು ಮಾಡಿಸಿದ ತಪ್ಪಿಗೆ ಇಡೀ ಬಾಳು ದಂಡ ತೆರುವಂತಾಗಬಾರದು. ಉಪಾಧ್ಯಾಯರಾದ ನಾವು ಮಕ್ಕಳಿಗೂ ಹೆತ್ತವರಿಗೂ ಎಚ್ಚರಿಸಿ ಹೇಳಬೇಕಾದ ಮಾತು ಇದು.

ಮಳೆಗಾಲದಲ್ಲಿ ಆ ಹುಡುಗಿ ಮತ್ತೆ ಬಂದಾಗ ಇಷ್ಟನ್ನೂ ಹೇಳಿದೆನು. ಮೂರು ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಟ್ಟು, ಉತ್ತರಗಳನ್ನು ಮೊದಲು ಕನ್ನಡದಲ್ಲಿ, ತನ್ನ ಮನಸ್ಸಿಗೆ ನಿಜವೆಂದು ತೋರಿದಂತೆ ಬರೆದು ತರಬೇಕೆಂದೆನು. ಮೊದಲಿನ ಎರಡಕ್ಕೆ ಅವಳು ಒಂದು ವಾರದಲ್ಲಿ ಉತ್ತರ ತಂದಳು. ವೆಚ್ಚದ ಲೆಕ್ಕ ಹಾಕಿ ನೋಡಿ, ಹನ್ನೆರಡನೆಯ ತರಗತಿಯವರೆಗೆ ಇಲ್ಲಿಯೇ ಓದಿ ಆಮೇಲೆ ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸುವುದೆಂದು ತಾನೇ ನಿಶ್ಚಯಿಸಿದ್ದಳು. ಮೂರನೆಯದರ ಕೆಳಗೆ ಏನನ್ನೂ ಬರೆದಿರಲಿಲ್ಲ. "ಇದಕ್ಕೆ ಈಗಲೇ ಏನು ಬರೆಯಲಿ, ಗುರುಗಳೇ?" ಎಂದು ಕೇಳಿದಳು. ನಾನು ಯುಂಗ್ ವಿಂಗನ ಕತೆಯನ್ನು ಹೇಳಿ, ಹಾಳೆಯನ್ನು ಅವಳ ಕೈಗೇ ಹಿಂದಕ್ಕೆ ಕೊಟ್ಟೆನು. ಅವಳಿಗೆ ಇನ್ನೂ ಎರಡು ವರ್ಷಗಳ ಕಾಲವಿದೆ.