ಮಾತು ತಪ್ಪಿದವರು, ರಸ್ತೆಗೆ ಅಂಟಿಕೊಂಡವರು

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಸ್ಪೇನ್ ದೇಶದ ವೆಲಾಸ್ಕೆಸ್ ಬರೆದ ವೀನಸ್ ದೇವತೆಯ ಚಿತ್ರವೊಂದಿದೆ. ಪಾಪ, ಅದು ಎರಡು ಸಲ ಪೆಟ್ಟು ತಿಂದಿದೆ. 1914ರ ಮಾರ್ಚ್ 10ರಂದು ಮೇರಿ ರಿಚರ್ಡ್‌ಸನ್ ಎಂಬಾಕೆ ಮಚ್ಚು ತಂದು ಅದನ್ನು ಸೀಳಿಬಿಟ್ಟಳು. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಅವರನ್ನು ಹಿಂದಿನ ದಿನ ಪೊಲೀಸರು ಬಂಧಿಸಿದ್ದರು. ಅದಕ್ಕೆ ಇದು ಉತ್ತರ. 2023ರ ನವೆಂಬರ್ 6ರಂದು ‘ಜಸ್ಟ್ ಸ್ಟಾಪ್ ಆಯಿಲ್’ ಗುಂಪಿನ ಇಬ್ಬರು ಅದೇ ಚಿತ್ರದ ಗಾಜಿಗೆ ಸುತ್ತಿಗೆಯಿಂದ ಬಡಿದರು. ಹಳೆಯ ಘಟನೆಯನ್ನು ನೆನಪಿಸಬೇಕೆಂದೇ ಅವರು ಆ ಚಿತ್ರವನ್ನು ಆರಿಸಿಕೊಂಡಿದ್ದರು.

ಪ್ಯಾಂಕ್‌ಹರ್ಸ್ಟ್ ಪ್ರತಿಮೆ ಇವತ್ತು ಬ್ರಿಟಿಷ್ ಸಂಸತ್ತಿನ ಪಕ್ಕದಲ್ಲೇ ನಿಂತಿದೆ. ಸುತ್ತಿಗೆ ಹಿಡಿದವರಿಗೆ ಸಿಕ್ಕಿದ್ದು ಬೈಗುಳ. ಇವರು ಅವರ ವಾರಸುದಾರರೋ, ಬರೀ ಅನುಕರಣೆ ಮಾಡುವವರೋ ಅನ್ನೋ ಚರ್ಚೆ ಆ ದೇಶದಲ್ಲಿ ಬಿಸಿಬಿಸಿಯಾಗಿ ನಡೆದಿದೆ. ನನ್ನ ಕೇಳಿದರೆ, ಈ ಹೋಲಿಕೆಯನ್ನು ಮಚ್ಚು, ಸುತ್ತಿಗೆಗಳಲ್ಲಿ ಹುಡುಕಬಾರದು. ಕ್ಯಾಲೆಂಡರಿನಲ್ಲಿ ಹುಡುಕಬೇಕು. ಯಾರು ಯಾವಾಗ ಏನು ಮಾತು ಕೊಟ್ಟರು, ಅದರ ನಂತರ ಏನಾಯಿತು ಅಂತ.

ಮೊದಲು ಹಳೆಯ ಕ್ಯಾಲೆಂಡರ್. 1910ರಲ್ಲಿ ಮಹಿಳೆಯರಿಗೆ ಸೀಮಿತ ಮತದಾನದ ಹಕ್ಕು ಕೊಡುವ ರಾಜಿ ಮಸೂದೆಯೊಂದು ಸಂಸತ್ತಿಗೆ ಬಂತು. ಹೋರಾಟಗಾರ್ತಿಯರು ಉಗ್ರ ಚಟುವಟಿಕೆ ನಿಲ್ಲಿಸಿ ಕಾದರು. ಮಸೂದೆ ಎರಡನೇ ವಾಚನದಲ್ಲಿ ಗೆದ್ದರೂ ಪ್ರಧಾನಿ ಆಸ್ಕ್ವಿತ್ ಮುಂದಿನ ಸಮಯ ಕೊಡಲಿಲ್ಲ. ನವೆಂಬರ್ 18ರಂದು ಸುಮಾರು 300 ಮಹಿಳೆಯರು ಸಂಸತ್ತಿಗೆ ಹೊರಟಾಗ ಪೊಲೀಸರ ಕೈಯಲ್ಲಿ ಗಂಟೆಗಟ್ಟಲೆ ಏಟು ತಿಂದರು. ಅದಕ್ಕೆ ‘ಕಪ್ಪು ಶುಕ್ರವಾರ’ ಅಂತಲೇ ಹೆಸರಾಯಿತು. 1911ರಲ್ಲಿ ಮತ್ತೆ ಮಸೂದೆ, ಮತ್ತೆ ಭರವಸೆ, ಮತ್ತೆ ಕಾಯುವಿಕೆ. ಆ ನವೆಂಬರಿನಲ್ಲಿ ಆಸ್ಕ್ವಿತ್, ಗಂಡಸರ ಮತದಾನವನ್ನು ವಿಸ್ತರಿಸುವ ಬೇರೊಂದು ಮಸೂದೆ ತರುತ್ತೇವೆ, ಬೇಕಾದರೆ ಹೆಂಗಸರನ್ನು ಅದಕ್ಕೆ ತಿದ್ದುಪಡಿಯಾಗಿ ಸೇರಿಸಿಕೊಳ್ಳಿ ಅಂದರು. ಲಂಡನ್ನಿನ ಕಿಟಕಿಗಳು ದೊಡ್ಡ ಪ್ರಮಾಣದಲ್ಲಿ ಒಡೆದದ್ದು ಇದಾದ ಮೇಲೆ. 1912ರ ಫೆಬ್ರವರಿಯಲ್ಲಿ ಮಂತ್ರಿ ಹಾಬ್‌ಹೌಸ್, 1832ರ ಸುಧಾರಣೆಯ ಕಾಲದಲ್ಲಿ ಜನ ನಾಟಿಂಗ್‌ಹ್ಯಾಮ್ ಕೋಟೆಗೆ ಬೆಂಕಿ ಇಟ್ಟಂಥ ಆವೇಶ ಈ ಬೇಡಿಕೆಯ ಹಿಂದೆ ಕಾಣುತ್ತಿಲ್ಲ ಎಂಬರ್ಥದ ಮಾತಾಡಿದ. ಬೆಂಕಿ ಹಚ್ಚಿ ಅಂತ ಮಂತ್ರಿಯೇ ದಾರಿ ತೋರಿಸಿದಂತಾಯಿತು! 1913ರ ಜನವರಿಯಲ್ಲಿ ಸ್ಪೀಕರ್ ಆ ತಿದ್ದುಪಡಿಯೇ ನಿಯಮಕ್ಕೆ ಹೊಂದಲ್ಲ ಅಂದರು, ಸರ್ಕಾರ ಮಸೂದೆಯನ್ನೇ ಕೈಬಿಟ್ಟಿತು. ಮರು ತಿಂಗಳು ಲಾಯ್ಡ್ ಜಾರ್ಜ್ ಅವರಿಗಾಗಿ ಕಟ್ಟುತ್ತಿದ್ದ ಮನೆಯಲ್ಲಿ ಬಾಂಬ್ ಸಿಡಿಯಿತು.

ನಾನು ಬಾಂಬನ್ನು ಸಮರ್ಥಿಸುತ್ತಿಲ್ಲ. ಆದರೆ ‘ಅವಸರದ ಹೆಂಗಸರು’ ಅನ್ನೋ ಅಂದಿನ ಆರೋಪ ಈ ದಿನಾಂಕಗಳ ಮುಂದೆ ನಿಲ್ಲೋದಿಲ್ಲ. ಅವರು ಕಾದಿದ್ದರು, ಅದೂ ಎರಡೆರಡು ಸಲ.

ಈಗ ಹೊಸ ಕ್ಯಾಲೆಂಡರ್. 2008ರಲ್ಲಿ ಬ್ರಿಟನ್ ಹವಾಮಾನ ಬದಲಾವಣೆ ಕಾಯ್ದೆ ಮಾಡಿತು. 1990ರ ಮಟ್ಟಕ್ಕೆ ಹೋಲಿಸಿದರೆ 2050ರ ಹೊತ್ತಿಗೆ ಹಸಿರುಮನೆ ಅನಿಲ ಶೇ 80ರಷ್ಟು ಇಳಿಯಬೇಕು ಅಂತ ಗುರಿ. ಸಂಸತ್ತಿನಲ್ಲಿ ವಿರೋಧಿಸಿದವರು ಬೆರಳೆಣಿಕೆಯಷ್ಟು ಮಂದಿ. ಆದರೆ 2016ರಿಂದ ಕಟ್ಟುವ ಹೊಸ ಮನೆಗಳೆಲ್ಲ ಶೂನ್ಯ ಇಂಗಾಲದವಾಗಿರಬೇಕು ಎಂಬ ಯೋಜನೆಯನ್ನು 2015ರಲ್ಲಿ ಸರ್ಕಾರವೇ ರದ್ದು ಮಾಡಿತು. 2019ರ ಏಪ್ರಿಲ್‌ನಲ್ಲಿ ‘ಎಕ್ಸ್‌ಟಿಂಕ್ಷನ್ ರೆಬೆಲಿಯನ್’ ಗುಂಪು ವಾಟರ್‌ಲೂ ಸೇತುವೆ, ಆಕ್ಸ್‌ಫರ್ಡ್ ಸರ್ಕಸ್‌ಗಳನ್ನು ದಿನಗಟ್ಟಲೆ ತಡೆದು ಕೂತಿತು. ಬಂಧನಕ್ಕೊಳಗಾದವರು ಸಾವಿರಕ್ಕೂ ಹೆಚ್ಚು. ಮೇ 1ರಂದು ಸಂಸತ್ತು ಹವಾಮಾನ ತುರ್ತುಸ್ಥಿತಿ ಇದೆ ಅಂತ ನಿರ್ಣಯ ಮಾಡಿತು, ಜೂನ್‌ನಲ್ಲಿ ಶೇ 80 ಹೋಗಿ ನಿವ್ವಳ ಶೂನ್ಯದ ಗುರಿ ಕಾನೂನಾಯಿತು. ಅಬ್ಬಾ, ಗೆದ್ದರಲ್ಲ ಅನ್ನಿಸಬೇಕು. ಆದರೆ ಗೆದ್ದದ್ದು ಕಾಗದದ ಮೇಲೆ.

2020ರ ಸೆಪ್ಟೆಂಬರಿನಲ್ಲಿ ಶುರುವಾದ ‘ಗ್ರೀನ್ ಹೋಮ್ಸ್ ಗ್ರಾಂಟ್’ ಯೋಜನೆ 6 ಲಕ್ಷ ಮನೆಗಳಿಗೆ ನೆರವಾಗುತ್ತೇನೆ ಅಂತ ಹೊರಟು, ಆರೇ ತಿಂಗಳಲ್ಲಿ ಮುಚ್ಚಿಹೋಯಿತು. ಆ ಲೆಕ್ಕದ ಹತ್ತನೇ ಒಂದು ಪಾಲೂ ಮುಟ್ಟಲಿಲ್ಲ. ಚಳಿ ದೇಶದ ಹಳೇ ಮನೆಗಳು ಬಿಸಿ ಸೋರುವ ಮಡಕೆಗಳಿದ್ದಂತೆ. ಗೋಡೆ, ಅಟ್ಟಗಳಿಗೆ ಹೊದಿಕೆ ಹಾಕಿದರೆ ಅನಿಲವೂ ಉಳಿಯುತ್ತೆ, ಬಿಲ್ಲೂ ಇಳಿಯುತ್ತೆ. ಇಷ್ಟು ಸರಳ ಕೆಲಸವೂ ಆಗಲಿಲ್ಲವಲ್ಲ ಅಂತ 2021ರ ಸೆಪ್ಟೆಂಬರಿನಲ್ಲಿ ‘ಇನ್ಸುಲೇಟ್ ಬ್ರಿಟನ್’ ಎಂಬ ಗುಂಪು ಲಂಡನ್ ಸುತ್ತುವ ಎಂ25 ಹೆದ್ದಾರಿಗೆ ಇಳಿದು, ಕೈಗೆ ಗೋಂದು ಹಚ್ಚಿಕೊಂಡು ಡಾಂಬರಿಗೆ ಅಂಟಿಕೊಂಡಿತು. 2022ರ ಜುಲೈನಲ್ಲಿ ಹೈಕೋರ್ಟೇ ಸರ್ಕಾರದ ನಿವ್ವಳ ಶೂನ್ಯ ಯೋಜನೆ ಕಾನೂನಿಗೆ ತಕ್ಕಂತಿಲ್ಲ ಅಂದಿತು. ತಿದ್ದಿ ತಂದದ್ದೂ 2024ರ ಮೇ ತಿಂಗಳಲ್ಲಿ ಕೋರ್ಟಿನಲ್ಲಿ ಬಿತ್ತು.

ಇದರ ನಡುವೆ ಒಂದು ಕದನವಿರಾಮವೂ ಆಯಿತು, ಥೇಟ್ 1910ರ ಹಾಗೆ. 2022ರ ಕೊನೆಯ ದಿನ ಎಕ್ಸ್‌ಟಿಂಕ್ಷನ್ ರೆಬೆಲಿಯನ್, ಇನ್ನು ಸಾರ್ವಜನಿಕರಿಗೆ ತೊಂದರೆ ಕೊಡುವುದನ್ನು ಮುಖ್ಯ ಅಸ್ತ್ರವಾಗಿ ಬಳಸಲ್ಲ ಅಂತ ಪ್ರಕಟಿಸಿತು. 2023ರ ಏಪ್ರಿಲ್‌ನಲ್ಲಿ ಹತ್ತಾರು ಸಾವಿರ ಜನ ನಾಲ್ಕು ದಿನ ಸಂಸತ್ತಿನ ಸುತ್ತ ಶಾಂತವಾಗಿ ಸೇರಿದರು. ಮಕ್ಕಳು ಮರಿ ಎಲ್ಲ ಬಂದಿದ್ದರು, ರಸ್ತೆಗೆ ಯಾರೂ ಅಂಟಿಕೊಳ್ಳಲಿಲ್ಲ. ಹೊಸ ತೈಲ, ಅನಿಲ ಯೋಜನೆ ಬೇಡ ಅನ್ನೋದು ಬೇಡಿಕೆ. ಜುಲೈ 31ರಂದು ಪ್ರಧಾನಿ ರಿಷಿ ಸುನಕ್, ಉತ್ತರ ಸಮುದ್ರದಲ್ಲಿ ನೂರಕ್ಕೂ ಹೆಚ್ಚು ಹೊಸ ತೈಲ, ಅನಿಲ ಪರವಾನಗಿ ಕೊಡುವುದಾಗಿ ಘೋಷಿಸಿದರು. ಸೆಪ್ಟೆಂಬರಿನಲ್ಲಿ ಪೆಟ್ರೋಲ್, ಡೀಸೆಲ್ ಹೊಸ ಕಾರುಗಳ ನಿಷೇಧವನ್ನು 2030ರಿಂದ 2035ಕ್ಕೆ ತಳ್ಳಿದರು. ಸುಮ್ಮನೆ ಕೂತರೆ ಯಾರೂ ಕೇಳಿಸಿಕೊಳ್ಳಲ್ಲ ಅನ್ನೋ ಪಾಠವನ್ನು ಆ ಯುವಕರಿಗೆ ಹೇಳಿಕೊಟ್ಟವರು ಯಾರು, ನೀವೇ ಹೇಳಿ.

ಹಾಗಂತ ರಸ್ತೆ ತಡೆದದ್ದು ಸರಿಯಾಯಿತಾ? ಇಲ್ಲಿ ನನಗೆ ಗಾಂಧಿ ನೆನಪಾಗುತ್ತಾರೆ. 1906ರಲ್ಲಿ ದಕ್ಷಿಣ ಆಫ್ರಿಕಾದಿಂದ ಲಂಡನ್ನಿಗೆ ಹೋಗಿದ್ದ ಅವರು, ದಂಡ ಕಟ್ಟದೆ ಜೈಲಿಗೆ ಹೋಗುತ್ತಿದ್ದ ಈ ಮಹಿಳೆಯರನ್ನು ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಮೆಚ್ಚಿ ಬರೆದರು. 1909ರಲ್ಲಿ ಮತ್ತೆ ಹೋದಾಗ ಕಲ್ಲು ತೂರುವುದು ಶುರುವಾಗಿತ್ತು, ಅದನ್ನು ಒಪ್ಪಲಿಲ್ಲ. ಕಷ್ಟವನ್ನು ಯಾರು ಹೊರುತ್ತಾರೆ ಅನ್ನೋದು ಅವರಿಗೆ ಮುಖ್ಯವಾಗಿತ್ತು. 2022ರ ನವೆಂಬರಿನಲ್ಲಿ ಜಸ್ಟ್ ಸ್ಟಾಪ್ ಆಯಿಲ್‌ನವರು ಎಂ25ರ ಮೇಲಿನ ಕಮಾನುಗಳನ್ನು ಹತ್ತಿದಾಗ ಸಿಕ್ಕಿಬಿದ್ದವರಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಹೊರಟವರೊಬ್ಬರಿದ್ದರು ಅಂತ ಮುಂದೆ ನ್ಯಾಯಾಧೀಶರು ಹೇಳಿದರು. ಮಾತು ತಪ್ಪಿದವನು ಮಂತ್ರಿ, ದಾರಿಯಲ್ಲಿ ನಿಂತವನು ರೋಗಿ. ರಾಸ್ತಾ ರೋಕೋ ಕಂಡು ಬೆಳೆದ ನಮಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಮಂತ್ರಿಯ ಕಾರಿಗೆ ಬೇರೆ ದಾರಿ ಇದ್ದೇ ಇರುತ್ತೆ.

ಹೋಲಿಕೆ ಮುರಿಯುವ ಇನ್ನೊಂದು ಜಾಗವಿದೆ, ನನಗೆ ಅದೇ ಹೆಚ್ಚು ಚಿಂತೆಯದು. ಮತದಾನದ ಹಕ್ಕನ್ನು ಕಾನೂನಿನಲ್ಲಿ ಬರೆದರೆ ಕೆಲಸ ಮುಗಿಯಿತು. 1918ರಲ್ಲಿ 30 ದಾಟಿದ, ಆಸ್ತಿಯ ಅರ್ಹತೆ ಇದ್ದ ಮಹಿಳೆಯರಿಗೆ, 1928ರಲ್ಲಿ ಗಂಡಸರಿಗೆ ಸಮನಾಗಿ ಎಲ್ಲರಿಗೂ ಸಿಕ್ಕಿತು. ಮಾರನೇ ದಿನದಿಂದ ಆಳುವವರನ್ನು ನಂಬುವ ಅಗತ್ಯವೇ ಇಲ್ಲ, ಮತಪೆಟ್ಟಿಗೆ ಕೈಯಲ್ಲಿರುತ್ತೆ. ಹವಾಮಾನದ ಕಾನೂನು ಹಾಗಲ್ಲ. ಅದು 2050ರವರೆಗೆ ಒಂದಾದ ಮೇಲೊಂದು ಸರ್ಕಾರ ಉಳಿಸಿಕೊಳ್ಳಬೇಕಾದ ಮಾತು. ಸಾಲ ಮಾಡಿ ಮನೆಗೆ ಹೊದಿಕೆ ಹಾಕಿಸುವವನು, ಹೊಸ ಕಾರಿಗಾಗಿ ದುಡ್ಡು ಕೂಡಿಡುವವನು, ತೈಲದ ಕೆಲಸ ಬಿಟ್ಟು ಬೇರೆ ಕಸುಬು ಕಲಿಯುವವನು, ಇವರೆಲ್ಲ ಸರ್ಕಾರ ನಾಳೆ ಮಾತು ಬದಲಿಸಲ್ಲ ಅಂತ ನಂಬಿದರೆ ಮಾತ್ರ ಕೆಲಸ ನಡೆಯುತ್ತೆ. ಗಾಳಿಯಂತ್ರ, ವಿದ್ಯುತ್ ತಂತಿಗಳಷ್ಟೇ ಇಲ್ಲಿ ನಂಬಿಕೆಯೂ ಕಚ್ಚಾ ಸಾಮಗ್ರಿ. ಮಾತು ತಪ್ಪಿದ ಪ್ರತಿ ಸಲವೂ ಅದು ಕರಗುತ್ತೆ. ಆಂಬುಲೆನ್ಸ್ ನಿಂತಾಗಲೂ ಕರಗುತ್ತೆ.

ಸರ್ಕಾರ ಕಂಡುಕೊಂಡ ಉತ್ತರ ಮಾತ್ರ ಹಳೆಯದೇ. 2022, 2023ರಲ್ಲಿ ಎರಡು ಬಿಗಿ ಕಾನೂನು ಬಂದವು. ಕಮಾನು ಹತ್ತುವ ಯೋಜನೆಗೆ ಆನ್‌ಲೈನ್ ಸಭೆಯಲ್ಲಿ ಜನ ಸೇರಿಸಿದ ಪ್ರಕರಣದಲ್ಲಿ 2024ರ ಜುಲೈನಲ್ಲಿ ಒಬ್ಬನಿಗೆ 5 ವರ್ಷ, ನಾಲ್ವರಿಗೆ ತಲಾ 4 ವರ್ಷ ಜೈಲಾಯಿತು. ಮೇಲ್ಮನವಿಯಲ್ಲಿ ಸ್ವಲ್ಪ ಇಳಿಯಿತು. ಅದೇ ತಿಂಗಳು ಗೆದ್ದು ಬಂದ ಲೇಬರ್ ಪಕ್ಷ ಹೊಸ ತೈಲ ಪರವಾನಗಿ ಕೊಡಲ್ಲ ಅಂತ ಪ್ರಣಾಳಿಕೆಯಲ್ಲೇ ಬರೆದುಕೊಂಡಿತ್ತು. 2025ರ ಮಾರ್ಚ್‌ನಲ್ಲಿ ಜಸ್ಟ್ ಸ್ಟಾಪ್ ಆಯಿಲ್, ನಮ್ಮ ಮೊದಲ ಬೇಡಿಕೆ ಈಗ ಸರ್ಕಾರದ ನೀತಿ ಅಂತ ಹೇಳಿ ರಸ್ತೆಯಿಂದ ಎದ್ದುಹೋಯಿತು. ಎದ್ದವರಲ್ಲಿ ಕೆಲವರು ಆಗಲೂ ಜೈಲಿನಲ್ಲಿದ್ದರು.

ಈಗ ರಸ್ತೆ ತೆರೆದಿದೆ. ಅವರ ಮಾತು ಅವರು ಉಳಿಸಿಕೊಂಡಿದ್ದಾರೆ. ಇನ್ನು ಸರ್ಕಾರದ ಸರದಿ.